ಮದುವೆ ಡಿಸ್ಕಿನಲ್ಲಿ ಇಲ್ಲದ ಸೊಸೆ

ಒಂದು ಮದುವೆಯಿಂದ ಒಬ್ಬ ಹೆಣ್ಣುಮಗಳನ್ನು ಅಳಿಸಿಹಾಕಲು ಎಷ್ಟು ಹೊತ್ತು ಬೇಕು? ನನಗೆ ಎರಡು ಭಾನುವಾರ ಹಿಡಿಯಿತು.

ಹೊನವಾಡದಿಂದ ನಮ್ಮ ಕಾಕಿ ಬಸ್ಸಿನಲ್ಲಿ ಬಂದಿದ್ದಳು. ಕರವಸ್ತ್ರದಲ್ಲಿ ಗಂಟು ಕಟ್ಟಿದ ಪೆನ್ ಡ್ರೈವ್. ಮೂರು ವರ್ಷದ ಹಿಂದಿನ ಮಗಳ ಮದುವೆ ವಿಡಿಯೋ.

"ನಮ್ಮ ಡಿವಿಡಿ ಇದನ್ನ ಓದವಲ್ದು ನೋಡ ತಂಗಿ. ಹಚ್ಚಿದ್ರ ಏನೋ ಇಂಗ್ಲೀಷ್‌ನ್ಯಾಗ ಬರದು ಸುಮ್ಮ ಕುಂಡ್ರತೈತಿ."

ದೊಡ್ಡ ಕೆಲಸವೇನಲ್ಲ. ಈಗಿನ ಫೈಲು ಆ ಕಾಲದ ಪ್ಲೇಯರ್‌ಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವ ಫಾರ್ಮ್ಯಾಟ್‌ಗೆ ಕನ್ವರ್ಟ್ ಮಾಡಿ ಡಿಸ್ಕಿಗೆ ಹಾಕಿದರೆ ಮುಗಿಯಿತು. ಚಹಾ ಕುಡಿದಾದ ಮೇಲೆ ಕಾಕಿ ಅಸಲಿ ಮಾತಿಗೆ ಬಂದಳು.

"ಹೆಂಗೂ ಬದಲ ಮಾಡಾಕತ್ತಿ. ಆ ಶೋಭಾನ್ನ ತಗದ ಬಿಡು."

ಶೋಭಾ ಕಾಕಿಯ ಸೊಸೆ. ಆಗಿದ್ದಳು. ಹೋದ ವರ್ಷ ಸೋಡಚೀಟಿ, ಅಂದರೆ ವಿಚ್ಛೇದನ, ಆಗಿ ಜೈನಾಪುರದ ತವರು ಸೇರಿದ್ದಳು. ಮಗನಿಗೆ ಈಗ ಬೇರೆ ಹೆಣ್ಣು ಗೊತ್ತಾಗಿತ್ತು. ಹೊಸ ಬೀಗರು ಮನೆ ನೋಡಲು ಬರುವವರಿದ್ದರು.

"ಅವ್ರಿಗಿ ಎಲ್ಲಾ ಗೊತ್ತೈತೆಲ್ಲ ಕಾಕಿ?"

"ಗೊತ್ತೈತಿ. ಖರೆ, ಟಿವಿ ಮುಂದ ಕುಂತಾಗ ಆಕಿ ಮಾರಿ ಯಾಕ ಬೇಕು?"

ಆಗೋದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. (ಹೆಣ್ಣುಮಕ್ಕಳ ಮರ್ಯಾದೆ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಉಪದೇಶ ಮಾಡಿದ್ದೇನೆ, ನಿಮಗೇ ಗೊತ್ತು.) ಮನೆಯವರ ಜೊತೆ ಯಾರು ಜಗಳ ಕಟ್ಟಿಕೊಳ್ಳುತ್ತಾರೆ?

ಕತ್ತರಿಸಲು ಕೂತಾಗ ಗೊತ್ತಾಯಿತು, ಆ ಮದುವೆ ಮಾಡಿದವಳೇ ಶೋಭಾ. ಅರಿಶಿನ ಕಲಸುವವಳು ಅವಳು. ಪಂಕ್ತಿಗೆ ಹೋಳಿಗೆ ತರುವವಳು ಅವಳು. ಅಕ್ಷತೆ ಬೀಳುವಾಗ ಮದುಮಗಳ ಬೆನ್ನಿಗೆ ನಿಂತವಳೂ ಅವಳೇ. ಅದನ್ನು ತೆಗೆದರೆ ಮದುವೆಯೇ ಇಲ್ಲ! ಝೂಮ್ ಮಾಡಿ ಮುಖ ಹೊರಗಿಟ್ಟೆ. ಮದುಮಗಳ ಭುಜದ ಮೇಲೆ ಒಂದು ಕೈ ಮಾತ್ರ ಉಳಿಯಿತು. ಯಾರದೋ ಕೈ.

ಕಾಕಿಯ ಮಗ ವಿಡಿಯೋ ತುಂಬಾ ಕುಣಿದಿದ್ದ. ಸೋಡಚೀಟಿಗೆ ಸಹಿ ಇಬ್ಬರದೂ ಬೀಳುತ್ತದೆ. ಅಳಿಸಿಹೋಗುವವಳು ಒಬ್ಬಳೇ.

"ಪೆನ್ ಡ್ರೈವ್‌ನ್ಯಾಗೂ ಇರಬಾರ್ದು" ಎಂದು ಕಾಕಿ ಫೋನ್ ಮಾಡಿದಳು. ಅಳಿಸಿದೆ. ನನ್ನ ಕಂಪ್ಯೂಟರ್‌ನಿಂದಲೂ. ಬೀಗರು ಬಂದು ನೋಡಿ, ಬಹಳ ಕ್ಲಿಯರ್ ಬಂದಿದೆ ಎಂದು ಹೊಗಳಿದರಂತೆ.

ಹೋದ ವಾರ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಅಕ್ಕಾರ" ಎಂದು ಕರೆದರು. ಶೋಭಾ. ತೊರವಿ ಹತ್ತಿರ ಒಂದು ಹಾಸ್ಟೆಲ್‌ನಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಾಳೆ. ಆರಾಮ ಇದ್ದೀರಾ ಎಂದು ನನ್ನನ್ನೇ ವಿಚಾರಿಸಿದಳು. ಆಮೇಲೆ ಹಿಂದೆಮುಂದೆ ನೋಡುತ್ತ ಕೇಳಿದಳು.

"ನಮ್ಮ ನಾದಿನಿ ಮದುವಿ... ಅವ್ರ ಮನಿ ಮದುವಿ ವಿಡಿಯೋ ನೀವ ಡಿಸ್ಕ ಮಾಡಿ ಕೊಟ್ಟೀರಂತ. ಅವತ್ತ ನಮ್ಮವ್ವ ಬಂದಿದ್ಲರಿ. ನನ್ನ ಬಾಜೂಕ ಕುಂತು ಉಂಡಿದ್ಲು. ಈಗ ಆಕಿ ಇಲ್ರಿ. ಫೋಟೋ ಅದಾವು, ಆಕಿ ಮಾತಾಡೂದು, ನಗೂದು ಮತ್ತೆಲ್ಲೂ ಇಲ್ಲ. ಅದಷ್ಟ ಹಾಕಿ ಕೊಡ್ತೀರಿ? ನಮ್ಮ ಮನ್ಯಾಗೂ ಡಿವಿಡಿನ ಐತಿ."

ನೆನಪಾಯಿತು. ಹಸಿರು ಸೀರೆಯ ಹೆಂಗಸು. ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಪಕ್ಕದಲ್ಲಿ ಶೋಭಾ ಇದ್ದಾಳೆಂದು ಆ ಊಟದ ಸಾಲನ್ನೇ ಹಾರಿಸಿದ್ದೆ.

"ಹುಡುಕ್ತೀನಿ" ಅಂದೆ. ಇಲ್ಲದ್ದನ್ನು ಎಲ್ಲಿ ಹುಡುಕುವುದು? ಅಂದು ವಿಡಿಯೋ ತೆಗೆದವನನ್ನು ಕೇಳಿದೆ. "ಅಷ್ಟ ದಿನಾ ಯಾರ ಇಟಗೋತಾರ್ರಿ ಮೇಡಂ?" ಅಂದ.

ನಾಲ್ಕನೇ ದಿನ ಶೋಭಾಳೇ ಫೋನ್ ಮಾಡಿದಳು. ನಿಜ ಹೇಳಿದೆ. ಎಲ್ಲವನ್ನೂ. ಅತ್ತ ಕಡೆ ಹಾಸ್ಟೆಲ್ಲಿನ ಪಾತ್ರೆಗಳ ಸದ್ದು.

"ಇರ್ಲಿ ಬಿಡ್ರಿ ಅಕ್ಕಾರ. ಇದರಾಗ ನಿಮ್ಮದೇನು ತಪ್ಪೈತಿ?"

ನೀವೇ ಹೇಳಿ, ನನ್ನದಲ್ಲದಿದ್ದರೆ ಮತ್ತೆ ಯಾರದು?