ಬ್ಯಾಟರಿಗೆ ರುಜು ಹಾಕಿಸುವ ಪೆನ್ನಕ್ಕ

ಬೆಳಗಿನ ಐದೂಮುಕ್ಕಾಲು. ಬಸ್ ಡಿಪೊ ಎದುರಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಬೀರುವಿಗಿಂತ ತುಸು ದೊಡ್ಡದಾದ ಜಾಗದಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಮೊಬೈಲ್ ರಿಪೇರಿಯ ಹೆಂಗಸು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲೇ ಬಸ್ ಚಾಲಕರೊಬ್ಬರು ಬಂದು ಫೋನನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಆಕೆ ಮೊದಲು ಅವರ ಮುಖ ನೋಡುವುದಿಲ್ಲ. ಫೋನಿನ ಬೆನ್ನನ್ನು ತಮ್ಮ ಮುಂಗೈಯ ಒಳಬದಿಗೆ ಒತ್ತಿ ಹಿಡಿಯುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ. ಬಿಸಿ ಇದೆ.

"ಹೋದ ವಾರ ಗಾಜು ಹಾಕ್ಸಿದ್ದು ನಿಮ್ಮ ಹತ್ರಾನೇ," ಚಾಲಕರ ಗಂಟಲು ಡಿಪೊದ ಒಳಗಿನವರಿಗೂ ಕೇಳುವಂತಿದೆ. "ಆಗ ಸಂಜೆ ತನಕ ಬರ್ತಿತ್ತು. ಈಗ ಹತ್ತು ಗಂಟೆಗೆಲ್ಲ ಸತ್ತು ಬೀಳುತ್ತೆ. ನನ್ನ ಒಳ್ಳೇ ಬ್ಯಾಟರಿ ತೆಗೆದು ಯಾವುದೋ ಹಳೇದು ತುರುಕಿದ್ದೀರಿ. ನನ್ನ ಮಗಳಿಗೆ ದಿನ ತುಂಬಿದೆ ಅಕ್ಕ! ಆಸ್ಪತ್ರೆಯಿಂದ ಫೋನ್ ಬಂದ್ರೆ ಏನ್ ಮಾಡ್ಲಿ?"

ಬಸ್ಸಿಗೆ ಕಾಯುತ್ತಿದ್ದವರಲ್ಲಿ ನಾಲ್ಕೈದು ಜನ ಹತ್ತಿರ ಸರಿಯುತ್ತಾರೆ. ಪುಕ್ಕಟೆ ಜಗಳ ಯಾರಿಗೆ ಬೇಡ?

ಆಕೆ ಫೋನಿನ ಅಂಚಿಗೆ ಬಿಸಿಗಾಳಿ ಹಿಡಿದು, ತೆಳ್ಳನೆಯ ಪ್ಲಾಸ್ಟಿಕ್ ಚೂರು ತೂರಿಸಿ ಬೆನ್ನು ಬಿಡಿಸುತ್ತಾರೆ. ಬ್ಯಾಟರಿಯ ಮೇಲೆ ನೀಲಿ ಮಾರ್ಕರಿನಲ್ಲಿ ಒಂದು ಸೊಟ್ಟ ರುಜು, ಪಕ್ಕದಲ್ಲಿ ಹೋದ ವಾರದ ತಾರೀಖು.

"ಇದು ಯಾರ ಕೈಬರಹ ಅಣ್ಣ?"

ಚಾಲಕರು ಬಗ್ಗಿ ನೋಡುತ್ತಾರೆ. ಅವರದೇ. ಆದರೂ ಹುಬ್ಬಿನ ಗಂಟು ಸಡಿಲವಾಗುವುದಿಲ್ಲ. "ರುಜು ನಕಲು ಮಾಡೋಕೆ ಎಷ್ಟೊತ್ತು ಬೇಕು?"

"ಇದನ್ನ ನೀವೇ ಇನ್ನೊಂದ್ ಸಲ ಹೀಗೇ ಹಾಕಿ ತೋರ್ಸಿ. ಇವತ್ತೇ ಅಂಗಡಿ ಮುಚ್ತೀನಿ."

ನಿಂತವರು ನಗುತ್ತಾರೆ. ಚಾಲಕರು ನಗುವುದಿಲ್ಲ.

ಡಿಪೊದವರ ಬಾಯಲ್ಲಿ ಈಕೆ ಪೆನ್ನಕ್ಕ. ಫೋನು ತೆರೆಯುವಾಗ ಅದರ ಒಡೆಯರು ಎದುರಿಗೇ ನಿಂತಿರಬೇಕು, ಬ್ಯಾಟರಿಯ ಮೇಲೆ ಸ್ವಂತ ಕೈಯಾರೆ ರುಜು ಹಾಕಬೇಕು, ಆಮೇಲಷ್ಟೇ ಕೆಲಸ. ಆ ಮಾರ್ಕರ್ ಪೆನ್ನನ್ನು ದಾರ ಹಾಕಿ ಮೇಜಿನ ಕಾಲಿಗೆ ಕಟ್ಟಿದ್ದಾರೆ. ತಡವಾಯಿತೆಂದು ಗೊಣಗುವವರಿಗೆ, ಮದುವೆಯಲ್ಲೂ ಇಷ್ಟು ರುಜು ಕೇಳಲಿಲ್ಲ ಎಂದು ಮೂಗು ಮುರಿಯುವವರಿಗೆ ಆಕೆ ಪೆನ್ನನ್ನೇ ತೋರಿಸುತ್ತಾರೆ.

"ಅಪ್‌ಡೇಟ್ ಕೊಟ್ರಾ?" ಪೆನ್ನಕ್ಕ ಕೇಳುತ್ತಾರೆ.

"ನಾನೇನೂ ಒತ್ತಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚಾಲಕರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಪರದೆಯಲ್ಲಿ ತಾರೀಖು ಇದೆ. ಮೊನ್ನೆ ಚಾರ್ಜಿಗೆ ಇಟ್ಟಾಗ ಫೋನು ತಾನಾಗಿಯೇ ಹೊಸ ಸಾಫ್ಟ್‌ವೇರ್ ಹಾಕಿಕೊಂಡಿದೆ. ಹೊಸ ಫೋನ್ ಮಾರಲು ಕಂಪನಿಯವರು ಬೇಕಂತಲೇ ಮಾಡುತ್ತಾರೆಂದು ಗುಂಪಿನಲ್ಲೊಬ್ಬರು ತೀರ್ಪು ಕೊಡುತ್ತಾರೆ.

"ಇರಬಹುದು. ನನಗೂ ಅನುಮಾನ ಇದೆ," ಪೆನ್ನಕ್ಕ ಹೇಳುತ್ತಾರೆ. "ಆದ್ರೆ ನಾನು ಕಣ್ಣಾರೆ ನೋಡದೇ ಇರೋದನ್ನ ಹೇಳಲ್ಲ. ನೋಡಿರೋದು ಇಷ್ಟು. ಮನೆ ಬದಲಾಯ್ಸಿದ್ ಮೇಲೆ ಎರಡ್ಮೂರು ದಿನ ಪಾತ್ರೆಪಗಡೆ ಜೋಡಿಸೋದೇ ಆಗುತ್ತಲ್ಲ, ಫೋನೂ ಹಾಗೇ. ಅಪ್‌ಡೇಟ್ ಆದ್ಮೇಲೆ ಫೋಟೋ, ಆ್ಯಪು ಎಲ್ಲ ಒಳಗೊಳಗೇ ಮತ್ತೆ ಜೋಡಿಸ್ಕೊಳ್ಳುತ್ತೆ. ದುಡಿದ್ರೆ ಮೈ ಬಿಸಿಯಾಗದೆ ಇರುತ್ತಾ?"

ಇದು ಬಾಯಿಮಾತಲ್ಲ. ಗೋಡೆಯ ತುಂಬ ಅಂಟಿಸಿದ ಹಾಳೆಗಳಲ್ಲಿ ಲೆಕ್ಕವಿದೆ. ಮಾಮೂಲಿ ದಿನ ಬರುವುದು ಏಳೆಂಟು ಫೋನು. ದೊಡ್ಡ ಅಪ್‌ಡೇಟ್ ಬಂದ ವಾರ ದಿನಕ್ಕೆ ಇಪ್ಪತ್ತೈದು, ಎಲ್ಲವೂ ಬಿಸಿ. ತರಕಾರಿ ಜೊತೆ ಫ್ರಿಜ್ಜಿನಲ್ಲಿಟ್ಟು, ಒಳಗೆಲ್ಲ ನೀರಿಳಿಸಿಕೊಂಡು ತರುವ ಜಾಣರೂ ಇದ್ದಾರೆ. ಹತ್ತರಲ್ಲಿ ಏಳು ಫೋನು ಮೂರು ದಿನದಲ್ಲಿ ತಾವಾಗಿಯೇ ತಣ್ಣಗಾಗುತ್ತವೆ. ಎರಡರಲ್ಲಿ ಯಾವುದೋ ಆ್ಯಪಿನ ಕಿತಾಪತಿ. ಒಂದಕ್ಕೆ ಮಾತ್ರ ನಿಜವಾಗಿಯೂ ಹೊಸ ಬ್ಯಾಟರಿ ಬೇಕು. ಹಾಗಾಗಿ ಬಂದವರಲ್ಲಿ ಹೆಚ್ಚಿನವರಿಗೆ ಆಕೆ ಹೇಳುವುದು ಒಂದೇ ಮಾತು: ಮೂರು ದಿನ ಕಾಯಿರಿ. ಆ ಮಾತು ಯಾರಿಗೂ ಇಷ್ಟವಿಲ್ಲ.

"ಬ್ಯಾಟರಿ ಬದಲಾಯ್ಸಿದ್ರೆ ಕಳ್ಳಿ ಅಂತಾರೆ, ಬದಲಾಯ್ಸದಿದ್ರೆ ಕೆಲಸ ಬರಲ್ಲ ಅಂತಾರೆ," ಎನ್ನುತ್ತಾರೆ ಪೆನ್ನಕ್ಕ.

ಚಾಲಕರಿಗೂ ಇಷ್ಟವಿಲ್ಲ. ಈಗಲೇ ಹೊಸದು ಹಾಕಿ ಎಂದು ಪಟ್ಟು ಹಿಡಿಯುತ್ತಾರೆ. ಪೆನ್ನಕ್ಕ ಡ್ರಾಯರಿನಿಂದ ಬಟನ್ ಫೋನೊಂದನ್ನು ತೆಗೆದು, ಸಿಮ್ ಅದಕ್ಕೆ ಹಾಕಿಕೊಡುತ್ತಾರೆ. "ಮಗಳ ಫೋನು ಇದಕ್ಕೆ ಬರಲಿ. ನಿಮ್ಮದನ್ನ ಚಾರ್ಜಿಗೆ ಹಾಕಿ ಮನೇಲೇ ಬಿಡಿ. ಅದರ ಕೆಲಸ ಅದು ಮುಗಿಸ್ಕೊಳ್ಳಲಿ."

"ಮೂರು ದಿನದಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ, ಡಿಪೊದವರು ಒಬ್ಬರೂ ಈ ಮೆಟ್ಟಿಲ ಹತ್ರ ಸುಳಿಯದ ಹಾಗೆ ಮಾಡ್ತೀನಿ," ಎಂದು ಚಾಲಕರು ಬಸ್ಸಿನತ್ತ ನಡೆಯುತ್ತಾರೆ.

ಅದು ಬರೀ ಬೆದರಿಕೆಯಲ್ಲ. ಈ ಅಂಗಡಿಯ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಡಿಪೊದವರೇ. ಆತ ಹೋದ ಮೇಲೆ ಪೆನ್ನಕ್ಕ ಗೋಡೆಯ ಹಾಳೆಗಳ ಲೆಕ್ಕವನ್ನು ಇನ್ನೊಮ್ಮೆ ಎಣಿಸುತ್ತಾರೆ. "ಹತ್ತರಲ್ಲಿ ಏಳು," ಎನ್ನುತ್ತಾರೆ, ತಮಗೇ ಎಂಬಂತೆ. "ಈ ಅಣ್ಣ ಉಳಿದ ಮೂರರಲ್ಲಿ ಇದ್ರೆ?"

ಇಷ್ಟೆಲ್ಲ ರುಜುವಿನ ರಗಳೆ ಯಾಕೆ ಎಂದು ಕೇಳಿದರೆ ಆಕೆ ಹಳೆಯ ಕಥೆಯೊಂದನ್ನು ಹೇಳುತ್ತಾರೆ. ಕೆಲಸ ಕಲಿತದ್ದು ಹನ್ನೊಂದು ವರ್ಷದ ಹಿಂದೆ, ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ. ಗಂಡ ಹಾಸಿಗೆ ಹಿಡಿದಿದ್ದ ಕಾಲ, ಯಜಮಾನ ಹೇಳಿದ್ದಕ್ಕೆ ಇಲ್ಲವೆನ್ನುವ ಧೈರ್ಯ ಇರಲಿಲ್ಲ.

"ಬಟ್ಟೆ ಹೊಲಿಯೋ ಅಮ್ಮ ಒಬ್ರು ಸ್ಪೀಕರ್ ರಿಪೇರಿಗೆ ಕೊಟ್ಟಿದ್ರು. ಅವರ ಒಳ್ಳೇ ಬ್ಯಾಟರಿ ತೆಗ್ದು ಸೋತಿರೋದನ್ನ ಹಾಕು ಅಂದ ಯಜಮಾನ. ಹಾಕ್ದೆ. ವಾರ ಬಿಟ್ಟು ಬಂದ್ರು. ಬೈತಾರೆ ಅಂದ್ಕೊಂಡೆ. 'ನಂದೇ ತಪ್ಪಿರ್ಬೇಕು ಕಣಮ್ಮ, ಮಾತು ಜಾಸ್ತಿ ಆಡ್ತೀನಿ' ಅಂದ್ರು. ನನ್ನ ಮೇಲೆ ಒಂಚೂರೂ ಅನುಮಾನ ಪಡಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು."

ಆ ತಿಂಗಳೇ ಕೆಲಸ ಬಿಟ್ಟರು. ಹೊಲಿಗೆಯ ಅಮ್ಮನನ್ನು ಹುಡುಕಿಕೊಂಡು ಹೋದರೆ, ಅವರು ಮನೆ ಖಾಲಿ ಮಾಡಿ ಎಲ್ಲಿಗೋ ಹೋಗಿಯಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಅಂದಿನಿಂದ ಅವರು ತಮ್ಮ ಕೈಗಳಿಗೂ ಅನ್ವಯಿಸಿಕೊಂಡಿದ್ದಾರೆ.

ನಾಲ್ಕನೇ ದಿನ ಮಧ್ಯಾಹ್ನ ಚಾಲಕರು ಮತ್ತೆ ಬರುತ್ತಾರೆ, ಜೊತೆಗೆ ಹೆಂಡತಿ. ಅವರು ಬೆಳಗ್ಗೆ ಸಿಮ್ ವಾಪಸು ಹಾಕಿ ಐದು ಗಂಟೆಗೇ ಜೇಬಿಗಿಳಿಸಿದ್ದ ಫೋನನ್ನು ಪೆನ್ನಕ್ಕ ಮುಂಗೈಗೆ ಒತ್ತಿಕೊಳ್ಳುತ್ತಾರೆ. ತಣ್ಣಗಿದೆ. ಚಾರ್ಜು ಅರವತ್ತೆಂಟು ಉಳಿದಿದೆ. ಆಕೆ ಉಸಿರು ಬಿಟ್ಟದ್ದು ಮೇಜಿನ ಈಚೆಗೂ ಕೇಳಿಸುತ್ತದೆ.

"ಮಗಳು?"

"ಇನ್ನೂ ಆಗಿಲ್ಲ. ಇವತ್ತೋ ನಾಳೆಯೋ," ಎನ್ನುತ್ತಾರೆ ಚಾಲಕರು. ತಪ್ಪಾಯಿತು ಎಂಬ ಮಾತು ಬಾಯಿಗೆ ಬರುವುದಿಲ್ಲ. ಅದರ ಬದಲು ಬಟನ್ ಫೋನನ್ನು ಒರೆಸಿ ಮೇಜಿನ ಮೇಲಿಟ್ಟು, ಹೆಂಡತಿಯ ಕೈಯಲ್ಲಿದ್ದ ಗಾಜೊಡೆದ ಫೋನನ್ನು ಮುಂದೆ ಸರಿಸುತ್ತಾರೆ.

ಪೆನ್ನಕ್ಕ ಅದರ ಬೆನ್ನು ತೆರೆದು, ದಾರದ ಪೆನ್ನನ್ನು ಹೆಂಡತಿಯತ್ತ ಚಾಚುತ್ತಾರೆ.

"ರುಜು ಗಿಜು ಬೇಡ ಬಿಡಿ ಅಕ್ಕ," ಚಾಲಕರು ತಡೆಯುತ್ತಾರೆ. "ನಮಗೆ ನಿಮ್ಮ ಮೇಲೆ ನಂಬಿಕೆ ಬಂದಿದೆ."

ಚಾಚಿದ ಪೆನ್ನು ಹಿಂದಕ್ಕೆ ಹೋಗುವುದಿಲ್ಲ.

"ನಿಮಗೆ ಬಂದಿರಬಹುದು ಅಣ್ಣ. ನನಗೇ ಇನ್ನೂ ಬಂದಿಲ್ಲ. ಹಾಕಮ್ಮ ರುಜು."