ಎತ್ತದೆ ಏರಿಸಿದ ದೋಣಿ

ಕರ್ರ್... ಎಂದು ಕಬ್ಬಿಣದ ಹಲ್ಲು ಬಂಡೆಯನ್ನು ಕೆರೆಯುವ ಸದ್ದು. ಒಂದು ಗಳಿಗೆ ಮೌನ. ಮತ್ತೆ ಕರ್ರ್. ಆ ವರ್ಷ ಹಾರೋಹಳ್ಳಿ ಕಡೆಯಿಂದ ಜೆಸಿಬಿ ನಮ್ಮ ತೋಟದತ್ತ ಬರುತ್ತಿದ್ದುದನ್ನು ನಾನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಅಳೆದಿದ್ದೆ. ಯುಗಾದಿ ಹೊತ್ತಿಗೆ ಅದು ಕೆರೆಯ ಆಚೆ ಇತ್ತು. ದಸರಾ ಮುಗಿಯುವಾಗ ನಮ್ಮ ಹಿಪ್ಪುನೇರಳೆ ಸಾಲಿನ ಅಂಚಿಗೆ ಬಂದಿತ್ತು. ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತಿದ್ದವು.

ಕೈಗಾರಿಕಾ ಪ್ರದೇಶದ ವಿಸ್ತರಣೆಗೆ ನಮ್ಮ ಎರಡು ಎಕರೆಯೂ ಹೋಗಿತ್ತು. ಜಮೀನಿಗಾಗಿ ಅಳುವುದನ್ನೆಲ್ಲ ನಾನು ಅತ್ತು ಮುಗಿಸಿದ್ದೆ. ಉಳಿದಿದ್ದು ದೋಣಿ.

ಅದನ್ನು ಕಟ್ಟಿದವರು ನನ್ನ ಯಜಮಾನರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದು ರಿಟೈರ್ ಆದ ಮೇಲೆ, ರೇಷ್ಮೆಹುಳು ಸಾಕುತ್ತಿದ್ದ ಖಾಲಿ ಶೆಡ್ಡಿನಲ್ಲಿ ನಾಲ್ಕು ವರ್ಷ ಕೂತು ಹದಿನಾರು ಅಡಿಯ ಹಾಯಿದೋಣಿ ಕಟ್ಟಿದ್ದರು. ಅದೂ ಕೀಲ್ ಇರುವ ದೋಣಿ. ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆಯ ಹಾಗೆ ಇಳಿಬಿದ್ದ ದಪ್ಪ ಕಬ್ಬಿಣದ ಹಲಗೆ, ಅದೇ ಕೀಲ್. ನೀರಿನಲ್ಲಿ ದೋಣಿ ಗಾಳಿಗೆ ಮಗುಚದಂತೆ ಅದು ಕಾಯುತ್ತದೆ. ನೆಲದ ಮೇಲೆ ಮಾತ್ರ ಅದರಷ್ಟು ಪೀಡೆ ಇನ್ನೊಂದಿಲ್ಲ. ದೋಣಿಯನ್ನು ಉರುಳಿಸುವ ಹಾಗಿಲ್ಲ, ಒರಗಿಸುವ ಹಾಗಿಲ್ಲ. ಕೀಲ್‌ಗೆ ಅಡ್ಡ ಪೆಟ್ಟು ಬಿದ್ದರೆ ತಳವೇ ಬಿರಿದುಹೋಗುತ್ತದೆ. ಅದಕ್ಕೇ ಇವರು ಮರದ ತೊಟ್ಟಿಲಿನಂಥ ಒಂದು ಚೌಕಟ್ಟು ಮಾಡಿ ಅದರೊಳಗೆ ದೋಣಿಯನ್ನು ನಿಲ್ಲಿಸಿದ್ದರು. ಊರವರಿಗೆ ಅದೊಂದು ತಮಾಷೆ. “ಹಾಯಿ ಕಟ್ಕಂಡು ಕಬ್ಬಾಳ್ ಬೆಟ್ಟ ಹತ್ತುತಾರಂತೆ ಕಣ್ಲಾ” ಎಂದು ಬಸ್ ಸ್ಟಾಪಿನಲ್ಲಿ ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ನಾನು ಕೇಳಿಸದವಳ ಹಾಗೆ ಛತ್ರಿ ಬಿಚ್ಚಿ ಮುಂದೆ ಹೋಗುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಅಷ್ಟನ್ನೇ.

ಚನ್ನಪಟ್ಟಣದಾಚೆ, ಕಣ್ವ ಜಲಾಶಯದ ಹತ್ತಿರ, ನನ್ನ ತಂಗಿಯ ತೋಟವಿತ್ತು. ದೋಣಿಯನ್ನು ಅಲ್ಲಿಗೆ ಸಾಗಿಸುವುದೆಂದು ಪ್ಲಾನ್ ಆಗಿತ್ತು. ಅದಕ್ಕೂ ಅವರು ನಾಲ್ಕು ಶೀಟ್ ಡ್ರಾಯಿಂಗ್ ಬರೆದಿದ್ದರು. ಅಷ್ಟರಲ್ಲಿ ಯಜಮಾನರು ಅದೇ ದೋಣಿಗೆ ಹಾಕಿದ್ದ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಗಳು ಅವರ ಜೊತೆ ಇದ್ದಳು. ಇತ್ತ ಅಳತೆಯವರು ಬಂದು, “ಸೋಮವಾರ ಬೆಳಿಗ್ಗೆ ಶೆಡ್ ಕೆಡವ್ತೀವಿ ಮೇಡಂ, ಒಳಗಿರೋದು ತೆಗೆಸಿಬಿಡಿ” ಎಂದು ಹೇಳಿ ಹೋದರು. ಅಂದು ಗುರುವಾರ.

ಶುಕ್ರವಾರ ಬಿಡದಿಯಿಂದ ಕ್ರೇನ್ ಬಂತು. ಡ್ರೈವರ್ ಇಳಿದ, ತಲೆ ಎತ್ತಿದ. ಹೊಸ ಫ್ಯಾಕ್ಟರಿಗಳಿಗೆಂದು ಎಳೆದ ದೊಡ್ಡ ಕರೆಂಟ್ ಲೈನು ನಮ್ಮ ಶೆಡ್ಡಿನ ಮುಂದಿನಿಂದಲೇ ಹಾದುಹೋಗಿತ್ತು. “ಇಲ್ಲಿ ಕ್ರೇನ್ ತೋಳು ಎತ್ತಿದ್ರೆ ನಾನೂ ಇಲ್ಲ, ನಿಮ್ ದೋಣೀನೂ ಇಲ್ಲ” ಎಂದು ಬಂದ ದಾರಿಯಲ್ಲೇ ಕ್ರೇನ್ ತಿರುಗಿಸಿದ.

ನಾನು ಆಸ್ಪತ್ರೆಗೆ ಫೋನ್ ಮಾಡಿದೆ.

“ಡೋಂಟ್ ಟಚ್ ಹರ್,” ಎಂದರು ಯಜಮಾನರು. ದೋಣಿಗೆ ಅವರು ಯಾವಾಗಲೂ ‘ಹರ್’ ಎಂದೇ ಹೇಳುತ್ತಿದ್ದದ್ದು. “ಚೈನ್ ಪುಲ್ಲಿ ಬೇಕು, ಫ್ರೇಮ್ ಬೇಕು. ನಾನಿಲ್ಲದೆ ಎತ್ತೋಕೆ ಹೋದ್ರೆ ಅವಳನ್ನ ಮುರಿದು ಹಾಕ್ತೀರಿ.”

“ಸೋಮವಾರ ಜೆಸಿಬಿ ಹೇಗೂ ಮುರಿಯುತ್ತಲ್ಲ?”

ಅವರು ಫೋನ್ ಇಟ್ಟುಬಿಟ್ಟರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹಾಗೆ ಮಾಡಿದ್ದು ಅದೊಂದೇ ಸಲ. ನಾಲ್ಕು ವರ್ಷದ ಕೆಲಸ ಪುಡಿಯಾಯಿತೆಂಬ ಸುದ್ದಿಯನ್ನು ಹಾಸಿಗೆಯಲ್ಲಿ ಮಲಗಿದವರಿಗೆ ಮುಟ್ಟಿಸುವುದು ನನ್ನಿಂದಾಗದು ಎಂದು ನನಗೆ ಆಗಲೇ ಗೊತ್ತಾಯಿತು.

ಊರಿನಲ್ಲಿ ಕಲ್ಲುಗಾಡಿ ಹೊಡೆಯುತ್ತಿದ್ದ ಒಬ್ಬ ಹಿರಿಯರಿದ್ದರು. ಕ್ವಾರಿಯಿಂದ ಆಳುದ್ದದ ಚಪ್ಪಡಿಗಳನ್ನು ಎತ್ತಿನಗಾಡಿಗೆ ಏರಿಸಿ ಕನಕಪುರಕ್ಕೆ, ಮಾಗಡಿಗೆ ಸಾಗಿಸಿದವರು. ಮೆಷಿನ್ನುಗಳು ಬಂದ ಮೇಲೆ ಎತ್ತು ಮಾರಿ, ಹಾರೋಹಳ್ಳಿಯ ಫ್ಯಾಕ್ಟರಿ ಒಂದರಲ್ಲಿ ಸೆಕ್ಯುರಿಟಿ ಆಗಿದ್ದರು. ನಾನು ಹೇಳಿಕಳಿಸಿದ್ದಕ್ಕೆ ಶನಿವಾರ ಸಂಜೆ ನೀಲಿ ಯೂನಿಫಾರ್ಮಿನಲ್ಲೇ ಬಂದು ದೋಣಿಯ ಸುತ್ತ ಎರಡು ಸುತ್ತು ಹಾಕಿದರು. ಅಂಗೈಯಿಂದ ಅದರ ಹೊಟ್ಟೆ ತಟ್ಟಿದರು, ಎಮ್ಮೆ ಕೊಳ್ಳುವವರ ಹಾಗೆ.

“ಎತ್ತೋಕೆ ಎಷ್ಟು ಜನ ಬೇಕು?” ಎಂದೆ.

“ಯಾಕೆ ಎತ್ತಾದು ಅಮ್ಮಾವ್ರೆ? ನಾವು ಕಲ್ಲ ಯಾವತ್ತು ಎತ್ತಿದ್ವಿ? ಗಾಡೀನೇ ಕೆಳಿಕ್ ಇಳಿಸ್ಬುಡವ.”

ಅವರ ಲೆಕ್ಕ ಇಷ್ಟೇ. ಶೆಡ್ಡಿನ ನೆಲ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ. ಟ್ರ್ಯಾಕ್ಟರ್ ಟ್ರೇಲರಿನ ಹಲಗೆ ಮೂರಡಿ. ಟ್ರೇಲರ್ ನಿಲ್ಲುವ ಜಾಗವನ್ನು ಅಗೆದು ತಗ್ಗು ಮಾಡಿದರೆ ಎರಡೂ ಸಮಕ್ಕೆ ಬರುತ್ತವೆ. ಆಮೇಲೆ ಚೌಕಟ್ಟಿನ ಸಮೇತ ದೋಣಿಯನ್ನು ತೊಲೆಗಳ ಮೇಲೆ ತಳ್ಳಿದರಾಯಿತು. ಡ್ರಾಫ್ಟ್ಸ್‌ಮನ್ ಸಾಹೇಬರ ನಾಲ್ಕು ಶೀಟ್ ಡ್ರಾಯಿಂಗಿನಲ್ಲಿ ಈ ಐಡಿಯಾ ಇರಲೇ ಇಲ್ಲ.

“ಏನಾದರೂ ಆಗಲಿ, ಕೀಲ್ ಮಾತ್ರ ಜೋಪಾನ,” ಎಂದು ನಾನು ಮೂರು ಸಲ ಹೇಳಿದೆ.

“ಕೀಲಾ? ಅದ ನಂಗ್ ಬುಟ್ಬುಡಿ,” ಎಂದು ಅವರು ಹೊರಟರು.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಹಿರಿಯರೂ ಟ್ರ್ಯಾಕ್ಟರ್ ಡ್ರೈವರೂ ಸೇರಿ ಆರು ಜನ ಬಂದರು. ಹಿರಿಯರಿಗೆ ಮಧ್ಯಾಹ್ನದ ಶಿಫ್ಟ್. ಯೂನಿಫಾರ್ಮ್ ಷರಟನ್ನು ಗೂಟಕ್ಕೆ ನೇತುಹಾಕಿ ಬನಿಯನ್ನಿನಲ್ಲಿ ನಿಂತರು. ಮೊದಲು ಶೆಡ್ಡಿನ ಮುಂದಿನ ಗೋಡೆ ಕೆಡವಿದರು. “ನಾಳೆ ಬೀಳೋ ಗೋಡೆ ಇವತ್ತೇ ಬಿದ್ರೆ ಸರ್ಕಾರ ಏನ್ ಕ್ವಾಪ ಮಾಡ್ಕತದಾ?” ಎಂದ ಟ್ರ್ಯಾಕ್ಟರ್ ಡ್ರೈವರ್. ಹತ್ತು ಗಂಟೆಗೆ ಟ್ರೇಲರ್ ಹಿಂದಕ್ಕೆ ಸರಿದು, ಅಗೆದ ತಗ್ಗಿಗೆ ಇಳಿದು ನಿಂತಿತು. ಅದರ ಹಲಗೆ ಶೆಡ್ಡಿನ ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ. ಎರಡು ಉದ್ದನೆಯ ತೊಲೆಗಳನ್ನು ಚೌಕಟ್ಟಿನಡಿಯಿಂದ ಟ್ರೇಲರಿನವರೆಗೆ ಹಾಸಿದರು. ಹಾರೆ ಕೊಟ್ಟು ಎಲ್ಲರೂ ಒಟ್ಟಿಗೆ ಮೀಟಿದರು.

ದೋಣಿ ಒಂದು ಗೇಣು ಸರಿದು ಕಚ್ಚಿಕೊಂಡಿತು. ಮತ್ತೆ ಮೀಟಿದರೆ ಚೌಕಟ್ಟು ಒಂದೇ ಬದಿಗೆ ಎಳೆದು, ಇಡೀ ದೋಣಿ ವಾಲಿ, ಒಳಗೆಲ್ಲೋ ಮರ ಕಿರ್ರೆಂದಿತು. “ಸ್ಟಾಪ್!” ಎಂದು ನಾನು ಕಿರುಚಿದೆ. ಎಲ್ಲರೂ ನಿಂತರು.

“ತಡೀರಿ, ಒಸಿ ಕೀಲೆಣ್ಣೆ ಹಾಕ್ಬುಡ್ತೀನಿ, ಸಲೀಸಾಯ್ತದೆ,” ಎಂದು ಹಿರಿಯರು ಎರಡು ಹಳೆಯ ಡಬ್ಬಗಳನ್ನು ತಂದರು. ಗಾಡಿಯ ಅಚ್ಚಿಗೆ ಹಾಕುವ ಕರಿ ಎಣ್ಣೆ. ಎತ್ತು ಮಾರಿದ ಮೇಲೂ ಮನೆಯಲ್ಲಿ ಉಳಿದದ್ದು. ಡಬ್ಬ ಹಿಡಿದು ದೋಣಿಯ ಅಡಿಯೆಲ್ಲ ಬಗ್ಗಿ ಬಗ್ಗಿ ನೋಡಿದರು. “ಎಲ್ಲೈತೆ ಅಮ್ಮಾವ್ರೆ, ನೀವ್ ಹೇಳಿದ್ ಕೀಲು? ತಿರುಗೋದೇ ಏನೂ ಕಾಣಾಕಿಲ್ವಲ್ಲ!”

ನಾನು ಕಬ್ಬಿಣದ ಹಲಗೆ ತೋರಿಸಿದೆ.

“ಇದಾ? ಇದು ಕೀಲಾ? ಇದು ನೇಗಿಲ ಗುಳ ಇದ್ದಂಗೈತೆ!”

“ಇಂಗ್ಲಿಷಿನಲ್ಲಿ ಇದಕ್ಕೆ ಕೀಲ್ ಅಂತಾರೆ.”

“ಏನ್ ಗೌಡ್ರೆ, ಗುಳಕ್ಕೆ ಎಣ್ಣೆ ಹಚ್ಚಾಕೆ ಎರಡು ಡಬ್ಬ ಹೊತ್ಕಂಡ್ ಬಂದ್ರಾ!” ಎಂದು ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯರು ನಗಲಿಲ್ಲ. ಡಬ್ಬ ನೋಡಿದರು, ತೊಲೆ ನೋಡಿದರು. “ಹಲ್ಲು ಕಿಸೀಬೇಡ್ರಲಾ. ತಂದಿದ್ದಾಗದೆ. ಬಳೀರಿ ತೊಲೆಗೆ.”

ನನ್ನ ಕಾನ್ವೆಂಟ್ ಇಂಗ್ಲಿಷ್ ಬದುಕಿನಲ್ಲಿ ಯಾರಿಗಾದರೂ ಉಪಕಾರ ಮಾಡಿದ್ದಿದ್ದರೆ ಅದು ಅಂದು. ಎಣ್ಣೆ ಬಳಿದ ಮೇಲೆ ಭಯವೇ ಬೇರೆಯಾಯಿತು. ಇನ್ನು ದೋಣಿ ಕಚ್ಚಿಕೊಳ್ಳುವುದಿಲ್ಲ, ಓಡುತ್ತದೆ. ಓಡಿ ಟ್ರೇಲರಿನ ಮುಂಭಾಗಕ್ಕೆ ಗುದ್ದಿದರೆ ಮುಗಿಯಿತು. ಹಿರಿಯರು ಚೌಕಟ್ಟಿನ ಹಿಂದಕ್ಕೆ ದಪ್ಪ ಹಗ್ಗ ಕಟ್ಟಿ, ಅದನ್ನು ಶೆಡ್ಡಿನ ಕಲ್ಲುಕಂಬಕ್ಕೆ ಮೂರು ಸುತ್ತು ಸುತ್ತಿದರು. ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ದೋಣಿ ವಾಲದಂತೆ ಹಿಡಿಯಬೇಕು, ಒಬ್ಬ ಹಾರೆಗೆ, ಅವರು ಮುಂದೆ ನಿಂತು ಹೇಳಬೇಕು. ಹಗ್ಗಕ್ಕೆ ಆಳಿಲ್ಲ.

ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. “ಕಂಬ ಹಿಡಿತದೆ, ನೀವಲ್ಲ. ನಾನ್ ಬುಡಿ ಅಂದ್ರೆ ಒಸೊಸಿ ಬುಡಿ. ಹಿಡೀರಿ ಅಂದ್ರೆ ಪ್ರಾಣ ಹೋದ್ರೂ ಬುಡಬ್ಯಾಡಿ.”

ಸೀರೆ ಸೆರಗನ್ನು ಸೊಂಟಕ್ಕೆ ಬಿಗಿದೆ. ಅರವತ್ತೊಂದನೆಯ ವಯಸ್ಸಿನಲ್ಲಿ, ಎಲ್ಲರೆದುರು.

“ಬುಡಿ... ಬುಡಿ... ಒಸಿ...” ಹಗ್ಗ ಕಂಬವನ್ನು ಉಜ್ಜುತ್ತಾ ಸರಿಯಿತು. ದೋಣಿಯ ಮೂತಿ ಬಿಸಿಲಿಗೆ ಬಂತು. ಅದಕ್ಕೆ ಬಳಿದಿದ್ದ ಬಿಳಿ ಬಣ್ಣ ಹೊರಗಿನ ಬೆಳಕಿನಲ್ಲಿ ಅಷ್ಟು ಬೆಳ್ಳಗಿದೆ ಎಂದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಅರ್ಧ ದೋಣಿ ಟ್ರೇಲರ್ ಮೇಲೆ ಬಂದಾಗ ಭಾರಕ್ಕೆ ಟ್ರೇಲರಿನ ಹಿಂಬದಿ ಕುಸಿಯಿತು, ದೋಣಿ ಒಮ್ಮೆಲೇ ಮುಂದಕ್ಕೆ ಜಾರಿತು.

“ಹಿಡೀರಿ ಅಮ್ಮಾವ್ರೆ!”

ಹಿಂದಕ್ಕೆ ಬಾಗಿ, ಹಿಮ್ಮಡಿ ಊರಿ ಹಿಡಿದೆ. ಅಂಗೈ ಸುಟ್ಟಿತು. ಹಗ್ಗ ಒಂದು ಮೊಳ ಓಡಿ, ಕಂಬಕ್ಕೆ ಕಚ್ಚಿ, ನಿಂತಿತು. ದೋಣಿಯೂ ನಿಂತಿತು.

“ಬೇಷಾಯ್ತು,” ಎಂದರು ಹಿರಿಯರು ಮೆಲ್ಲಗೆ. “ಇನ್ ಬುಡಿ.”

ಹನ್ನೆರಡರ ಹೊತ್ತಿಗೆ ದೋಣಿ ಟ್ರೇಲರಿನ ನಟ್ಟನಡುವೆ ಕೂತಿತ್ತು. ನಾಲ್ಕೂ ಕಡೆ ಹಗ್ಗ ಬಿಗಿದರು. ಟ್ರ್ಯಾಕ್ಟರ್ ಒಮ್ಮೆ ಮಣ್ಣು ಚಿಮ್ಮಿಸಿ, ಎರಡನೆಯ ಎಳೆತಕ್ಕೆ ತಗ್ಗಿನಿಂದ ಮೇಲೆ ಬಂತು. ನಾನು ಕೀಲ್‌ನ ಬುಡಕ್ಕೆ ಕೈಯಾಡಿಸಿ ನೋಡಿದೆ. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಆಸ್ಪತ್ರೆಗೆ ಫೋನ್ ಹಚ್ಚಿದೆ.

“ಶಿ ಈಸ್ ಆನ್ ದ ಟ್ರೇಲರ್,” ಎಂದೆ.

“ಯಾರು ಎತ್ತಿದ್ದು?” ಎಂದರು ಯಜಮಾನರು.

“ಯಾರೂ ಎತ್ತಲಿಲ್ಲ.”

ನಾನು ವಿವರಿಸಿದೆ. ತೊಲೆ, ತಗ್ಗು, ಕಂಬ, ಹಗ್ಗ. ಹಗ್ಗ ಹಿಡಿದದ್ದು ಯಾರು ಎಂಬಲ್ಲಿ ಅವರು ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲವೂ ಹೇಳಲು ನನಗೇನೂ ಅಭ್ಯಂತರ ಇರಲಿಲ್ಲ.

ಹಿರಿಯರು ಅಷ್ಟರಲ್ಲಿ ಕೈತೊಳೆದು, ಷರಟು ತೊಟ್ಟು, ಊಟಕ್ಕೂ ನಿಲ್ಲದೆ ಸೈಕಲ್ ಹತ್ತಿ ಡ್ಯೂಟಿಗೆ ಹೋಗಿದ್ದರು. ನಾವು ಹೊರಟು ಕನಕಪುರ ರಸ್ತೆ ಸೇರುವ ಹೊತ್ತಿಗೆ ಶಿಫ್ಟ್ ಬದಲಾಗುವ ಸಮಯ. ಕಂಟೇನರ್ ಲಾರಿಗಳು, ಕೆಲಸದವರ ಬಸ್ಸುಗಳು, ಟೆಂಪೋಗಳು ಸಾಲುಗಟ್ಟಿದ್ದವು. ನಮ್ಮಂಥ ನಿಧಾನದ ಗಾಡಿಗೆ ಯಾರು ದಾರಿ ಬಿಡುತ್ತಾರೆ? ಟ್ರ್ಯಾಕ್ಟರ್ ಅಂಚಿನಲ್ಲೇ ಗುರುಗುಟ್ಟುತ್ತ ನಿಂತಿತು.

ಆಗ ಸೀಟಿ ಕೇಳಿತು. ಫ್ಯಾಕ್ಟರಿ ಗೇಟಿನಿಂದ ನೀಲಿ ಯೂನಿಫಾರ್ಮ್ ಒಂದು ನೇರ ರಸ್ತೆಯ ಮಧ್ಯಕ್ಕೆ ನಡೆದುಬಂತು. ಲಾರಿಗಳು ಬ್ರೇಕ್ ಹಾಕಿದವು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದು, ಹಾರೋಹಳ್ಳಿಯ ಧೂಳಿನಲ್ಲಿ ತೇಲಿ ಬರುತ್ತಿದ್ದ ಬಿಳಿ ದೋಣಿಯನ್ನು ಬಾಯಿಬಿಟ್ಟು ನೋಡಿದವು. ಆ ವಾರವೇ ನಾವು ಊರು ಖಾಲಿ ಮಾಡಿದೆವು. ಹಿರಿಯರನ್ನು ಮತ್ತೆ ನೋಡುವ ಸಂದರ್ಭ ಬರಲೇ ಇಲ್ಲ. ಅಂದು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತಿದ್ದ ನಾನು ಹಾದುಹೋಗುತ್ತಾ ಜೋರಾಗಿ ಕೈ ಬೀಸಿದೆ. ಅವರ ಒಂದು ಕೈ ಬಸ್ಸುಗಳನ್ನು ತಡೆದಿತ್ತು, ಇನ್ನೊಂದು ನಮ್ಮನ್ನು ಬನ್ನಿ ಬನ್ನಿ ಎನ್ನುತ್ತಿತ್ತು. ನನಗೆ ಬೀಸಲು ಅವರಲ್ಲಿ ಕೈ ಉಳಿದಿರಲಿಲ್ಲ.