ರೇಷ್ಮೆ ದಾರಕ್ಕೆ ಗುಲಾಬಿ ಬಣ್ಣ

ಕಳೆದ ವಾರ ಮೈಸೂರಿನ ನಮ್ಮ ಮನೆಯ ಬಾಗಿಲಿಗೆ ಬಡಗಿಯೊಬ್ಬ ಅಗಸೆ ಎಣ್ಣೆ ಉಜ್ಜುತ್ತಿದ್ದ. ಅಡುಗೆಮನೆಯಲ್ಲಿದ್ದ ನನಗೆ ಆ ವಾಸನೆ ಬಡಿದದ್ದೇ ತಡ, ಒಲೆಯ ಮೇಲಿದ್ದ ಹಾಲು ಮರೆತೇಹೋಯಿತು. ಸ್ವಲ್ಪ ಕಹಿ, ಸ್ವಲ್ಪ ಒಗರು. ಇದರ ಜೊತೆಗೆ ಕಾಯಿಸಿದ ಜೇನುಮೇಣವೂ ಒಂದಿಷ್ಟು ಸೇರಿದ್ದರೆ ಅದೇ ನಮ್ಮ ಬರೋಡಾದ ಭಾನುವಾರದ ಸಂಜೆ. ವಡೋದರಾವನ್ನು ಅರವತ್ತರ ದಶಕದಲ್ಲಿ ನಾವೆಲ್ಲ ಬರೋಡಾ ಎಂದೇ ಕರೆಯುತ್ತಿದ್ದೆವು. ಅಲ್ಲಿನ ರಾವ್‌ಪುರದ ಒಂದು ಹಳೆಯ ಮನೆಯ ಮಹಡಿಯಲ್ಲಿ ಅಪ್ಪ, ಅಮ್ಮ, ನಾನು ಮೂವರೇ ಇದ್ದೆವು. ಕೆಳಗೆ ಮನೆಯ ಯಜಮಾನರಾದ ಕಾಂತಿಕಾಕಾ ಅವರ ಸಂಸಾರ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಚಪ್ಪಲಿ ಅಂಗಡಿಗಳ ಸಾಲೊಂದು ಎದ್ದಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಬೇಕೆಂದು ನನಗೆ ಅನ್ನಿಸಿಲ್ಲ.

ಅಪ್ಪ ಹುಣಸೂರು ಕಡೆಯವರು. ವಿಮಾ ಕಚೇರಿಯ ವರ್ಗಾವಣೆ ಅವರನ್ನು ಗುಜರಾತಿಗೆ ತಂದು ಹಾಕಿತ್ತು. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಕೊಡಗಿನಲ್ಲಿ ಒಬ್ಬ ಬಿಳಿಯ ಕಾಫಿ ಪ್ಲಾಂಟರ್ ಬಳಿ ಗುಮಾಸ್ತರಾಗಿದ್ದರು. ಆ ದೊರೆ ದೇಶ ಬಿಟ್ಟು ಹೋಗುವಾಗ ತನ್ನ ಗಾಳದ ಕೋಲು, ಹಿತ್ತಾಳೆಯ ರೀಲು, ಅದರಲ್ಲಿ ಸುತ್ತಿದ ರೇಷ್ಮೆ ದಾರ ಇಷ್ಟನ್ನೂ ಅಪ್ಪನಿಗೆ ಕೊಟ್ಟು ಹೋದನಂತೆ. ಬೇರೆಯವರು ಗಾಳಕ್ಕೆ ಎರೆಹುಳು ಚುಚ್ಚಿದರೆ, ಅಪ್ಪ ಹಕ್ಕಿಯ ಗರಿಯನ್ನು ಸಣ್ಣಗೆ ಕಟ್ಟಿ ನೊಣದ ಹಾಗೆ ಮಾಡಿಕೊಳ್ಳುತ್ತಿದ್ದರು. ಆ ಗರಿಯ ನೊಣಕ್ಕೆ ತೂಕವೇ ಇಲ್ಲ, ಊದಿದರೆ ಹಾರಿಹೋಗುತ್ತದೆ. "ಬೇರೆ ಗಾಳದಲ್ಲಿ ಸೀಸದ ಗುಂಡು ದಾರಾನ ಎಳ್ಕೊಂಡು ಹೋಗುತ್ತೆ. ಇದ್ರಲ್ಲಿ ದಾರವೇ ಗಾಳಾನ ಹೊತ್ಕೊಂಡು ಹೋಗ್ಬೇಕು ಕಣೇ. ಅದಕ್ಕೇ ಇದಕ್ಕಿಷ್ಟು ತೂಕ" ಎಂದು ನನಗೆ ಹೇಳಿಕೊಟ್ಟಿದ್ದರು. ನಡುವೆ ದಪ್ಪ, ಎರಡೂ ತುದಿಗೆ ಹೋಗುತ್ತಾ ಹೋಗುತ್ತಾ ಸಣ್ಣ, ಹಾಗೆ ಹೆಣೆದ ದಾರ ಅದು. ಒಂದು ತುದಿ ಸವೆದರೆ ಪೂರ್ತಿ ಬಿಚ್ಚಿ ತಿರುಗಿಸಿ ಸುತ್ತಬೇಕು. ಅಪ್ಪ ಅದನ್ನು ಆಗಲೇ ಒಮ್ಮೆ ತಿರುಗಿಸಿ ಆಗಿತ್ತು. ಹೊಸದು ತರಿಸೋಣವೆಂದರೆ ಆ ಕಾಲದಲ್ಲಿ ವಿದೇಶದ ಸಾಮಾನು ಗಗನಕುಸುಮ. ಹಾಗಾಗಿ ಆ ದಾರವನ್ನು ಅಪ್ಪ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ರೇಷ್ಮೆಗೆ ನೀರು ಕಂಡರಾಗದು. ಒದ್ದೆ ದಾರವನ್ನು ರೀಲಿನಲ್ಲೇ ಬಿಟ್ಟರೆ ಮೊದಲು ಜಿಗುಟಾಗುತ್ತದೆ, ಆಮೇಲೆ ಕೊಳೆತು ಪಟ್ಟನೆ ಹರಿಯುತ್ತದೆ. ಭಾನುವಾರ ಸಂಜೆ ಅಪ್ಪ ಮಹೀ ನದಿಯಿಂದ ಬಂದವರೇ ಟೀ ಕೂಡ ಕುಡಿಯದೆ ತಾರಸಿಗೆ ಹತ್ತುತ್ತಿದ್ದರು. ಅಲ್ಲಿಯ ಎರಡು ಕಲ್ಲು ಕಂಬಗಳ ನಡುವೆ ದಾರವನ್ನು ಹೋಗಿ ಬಂದು, ಹೋಗಿ ಬಂದು ಎಳೆದು ಕಟ್ಟುತ್ತಿದ್ದರು. ಒಂದು ತುದಿ ನನ್ನ ಕೈಗೆ. "ಎಳೀಬೇಡ, ಸುಮ್ನೆ ಹಿಡ್ಕೊಂಡಿರು" ಎನ್ನುತ್ತಿದ್ದರು. ಮೆತ್ತನೆಯ ಮಲ್ಲಿನ ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಲು ಬಿಟ್ಟು, ಜೇನುಮೇಣಕ್ಕೆ ಅಗಸೆ ಎಣ್ಣೆ ಬೆರೆಸಿ ಕಾಯಿಸಿದ ಮುಲಾಮನ್ನು ಬೆರಳ ತುದಿಯಲ್ಲಿ ತೆಗೆದು ಸವರುತ್ತಿದ್ದರು. ಕಡಿಮೆಯಾದರೆ ದಾರ ನೀರಿನಲ್ಲಿ ಮುಳುಗುತ್ತದೆ, ಜಾಸ್ತಿಯಾದರೆ ಧೂಳು ಹಿಡಿಯುತ್ತದೆ. ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಇಡೀ ದಾರವನ್ನು ಹಾಯಿಸಿ ನೋಡುವರು. ಎಲ್ಲಾದರೂ ತರಿ ತಾಗಿದರೆ ಅಲ್ಲಿಗೆ ನಿಂತು ಮತ್ತೆ ಉಜ್ಜುವರು. ಅಮ್ಮ ಕೆಳಗಿನಿಂದ "ನಮ್ ತಲೆಗೂ ಯಾವತ್ತಾದ್ರೂ ಇಷ್ಟು ಮುತುವರ್ಜಿಯಿಂದ ಎಣ್ಣೆ ಹಚ್ಚಿದ್ದೀರಾ?" ಎಂದು ಕೂಗಿ ಕೇಳುತ್ತಿದ್ದಳು.

ಕಾಂತಿಕಾಕಾ ಈರುಳ್ಳಿಯನ್ನೂ ಮುಟ್ಟದ ಜನ. ನಾವು ಹುಣಸೂರಿನಲ್ಲಿ ಎಲ್ಲವನ್ನೂ ತಿನ್ನುತ್ತಿದ್ದವರು. ಮನೆ ಹುಡುಕುವಾಗ ಊಟದ ವಿಚಾರ ಬಾಯಿಬಿಟ್ಟ ಕಡೆಯಲ್ಲೆಲ್ಲ ಬಾಗಿಲು ಮುಚ್ಚಿದ್ದರಿಂದ, ಇಲ್ಲಿ ಇರುವಷ್ಟು ದಿನ ಮೀನು ಮಾಂಸ ಬಿಟ್ಟೆವು ಎಂದು ಅಮ್ಮ ಮಾತು ಕೊಟ್ಟಿದ್ದಳು. ಮಾತಿಗೆ ತಪ್ಪಲೂ ಇಲ್ಲ. ಅಪ್ಪ ಹಿಡಿದ ಮೀನೆಲ್ಲ ನದಿಯ ದೋಣಿಯವನ ಪಾಲಾಗುತ್ತಿತ್ತು. ಆದರೂ ಗಾಳ ಎಂದು ಗೊತ್ತಾದರೆ ಮನೆ ಹೋದಂತೆಯೇ ಎಂದು ಅಮ್ಮನಿಗೆ ಭಯ. ಬರೀ ಮನೆಯಲ್ಲ. ಅವಳಿಗೆ ಟೈಫಾಯ್ಡ್ ಆದಾಗ ತಿಂಗಳಿಡೀ ಕಾಂತಿಕಾಕಾ ಮನೆಯ ಖಿಚಡಿ, ಕಢಿಯೇ ನಮ್ಮನ್ನು ಸಾಕಿತ್ತು. ಆ ಪರದೇಶದಲ್ಲಿ ನಮಗಿದ್ದ ತವರೆಂದರೆ ಅದೊಂದೇ.

ಒಂದು ಸಂಜೆ ಕಾಂತಿಕಾಕಾ ತಾರಸಿಗೆ ಬಂದರು. ಕಂಬಗಳ ನಡುವೆ ಬಿಗಿದ ದಾರ, ಅದನ್ನು ಬಟ್ಟೆ ಹಿಡಿದು ತಿಕ್ಕುತ್ತಿದ್ದ ಅಪ್ಪ, ತುದಿ ಹಿಡಿದು ನಿಂತ ನಾನು. ಗುಜರಾತಿನವರ ಕಣ್ಣಿಗೆ ಈ ನೋಟಕ್ಕೆ ಒಂದೇ ಅರ್ಥ. ಸಂಕ್ರಾಂತಿ ಹತ್ತಿರ ಬಂತೆಂದರೆ ಬೀದಿಬೀದಿಯಲ್ಲೂ ಕಂಬದಿಂದ ಕಂಬಕ್ಕೆ ದಾರ ಎಳೆದು, ಗಾಜಿನ ಪುಡಿಯ ಗಂಜಿ ಬಳಿದು ಗಾಳಿಪಟಕ್ಕೆ ಮಾಂಜಾ ಮಾಡುತ್ತಿದ್ದರು. "ದೋರಿ ತೈಯಾರ್ ಕರೋ ಛೋ, ಗೌಡಾಭಾಯ್?" ಎಂದು ಅವರು ಹಿಗ್ಗಿ ಕೇಳಿದರು. ದಾರ ತಯಾರು ಮಾಡುತ್ತಿದ್ದೀರಾ ಎಂದು. ಅಪ್ಪ ನಮ್ಮ ಕಡೆಯವರ ಹಾಗೆ ತಲೆಯಾಡಿಸಿದರು. ಆ ತಲೆಯಾಟ ಹೌದೂ ಅಲ್ಲ, ಅಲ್ಲವೂ ಅಲ್ಲ. ಅಂದಿನಿಂದ ಬೀದಿಗೆಲ್ಲ ಅಪ್ಪ ಗಾಳಿಪಟದ ಹುಚ್ಚಿನ ಮದ್ರಾಸಿ ಆದರು. ಗಾಳದ ಕೋಲು ತುಂಡುತುಂಡಾಗಿ ಬಟ್ಟೆಯ ಚೀಲ ಸೇರುತ್ತಿದ್ದರಿಂದ, ಭಾನುವಾರದ ಪ್ರಯಾಣ ನದೀಸ್ನಾನಕ್ಕೆಂದು ಕಾಂತಿಕಾಕಾ ತಾವೇ ತೀರ್ಮಾನಿಸಿಕೊಂಡಿದ್ದರು. ಅಮ್ಮ ನೆಮ್ಮದಿಯ ಉಸಿರು ಬಿಟ್ಟಳು. ನಮ್ಮ ಮನೆ ಉಳಿದದ್ದು ಆ ತಪ್ಪು ತಿಳಿವಳಿಕೆಯಿಂದ.

ಆ ವರ್ಷ ಸಂಕ್ರಾಂತಿಯ ಹಿಂದಿನ ದಿನ ಅಪ್ಪ ದಾರವನ್ನು ತಾರಸಿಯಲ್ಲೇ ಒಣಗಲು ಬಿಟ್ಟು ಆಫೀಸಿಗೆ ಹೋಗಿದ್ದರು. ಸಂಜೆ ಅವರು ಮೆಟ್ಟಿಲು ಹತ್ತುವಾಗ ಕಾಂತಿಕಾಕಾ ಬಾಗಿಲಲ್ಲೇ ಕಾದು ನಿಂತಿದ್ದರು. ಕೈಯಲ್ಲಿ ಮರದ ಹೊಸ ಫಿರ್ಕಿ, ಗಾಳಿಪಟದ ದಾರ ಸುತ್ತುವ ರಾಟೆ. ಅದರ ಮೇಲೆ ಕುಂಕುಮದ ಬೊಟ್ಟು. ಅದರಲ್ಲಿ ಸುತ್ತಿದ್ದದ್ದು ಅಪ್ಪನ ರೇಷ್ಮೆ ದಾರ, ಕಡು ಗುಲಾಬಿ ಬಣ್ಣದಲ್ಲಿ. ವರ್ಷವಿಡೀ ಬರೀ ಎಣ್ಣೆ ಹಚ್ಚುತ್ತೀರಲ್ಲ, ನಿಮ್ಮ ಕಡೆಯವರಿಗೆ ಮಾಂಜಾ ಗೊತ್ತಿಲ್ಲ ಪಾಪ, ಎಂದು ಅವರು ಹಿಂದಿಯಲ್ಲಿ ಹೇಳುತ್ತಾ ಹೋದರು. ಬೀದಿ ತುದಿಯ ಮಾಂಜಾದವನ ಪಕ್ಕ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ತಾವೇ ನಿಂತು ಎರಡು ಕೈ ಹೆಚ್ಚು ಗಾಜು ಹಾಕಿಸಿದ್ದರಂತೆ. ಅವರ ಮುಖ ಮದುವೆ ಮನೆಯ ಯಜಮಾನನ ಮುಖದಂತೆ ಹೊಳೆಯುತ್ತಿತ್ತು. ಅಪ್ಪ ದಾರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಗೇಣು ಎಳೆದರು. ಬೆರಳು ಸೀಳಿ ರಕ್ತ ಬಂತು. "ವಾಹ್, ಎಷ್ಟು ಹರಿತ!" ಎಂದು ಕಾಂತಿಕಾಕಾ ಸಂತೋಷಪಟ್ಟರು. ಅಪ್ಪ ಎರಡೂ ಕೈ ಜೋಡಿಸಿ ಥ್ಯಾಂಕ್ಸ್ ಹೇಳಿದರು.

ಮೇಲೆ ಬಂದು ಬಿಸಿನೀರಿನಲ್ಲಿ ನೆನೆಸಿ ನೋಡಿದರು. ಬಣ್ಣ ಬಿಟ್ಟಿತು, ಗಾಜು ಬಿಡಲಿಲ್ಲ. ಹೆಣಿಗೆಯೊಳಗೆ ಕೂತುಬಿಟ್ಟಿತ್ತು. ಉಜ್ಜಿದಲ್ಲೆಲ್ಲ ರೇಷ್ಮೆಯ ಎಳೆಗಳು ಎದ್ದು ನಿಂತವು. ಆ ದಾರವನ್ನು ಸವತಿ ಎಂದು ಕರೆಯುತ್ತಿದ್ದ ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಆಮೇಲೆ ಅವಳು ಆಡಿದ ಮಾತು ನಾನು ನಿರೀಕ್ಷಿಸಿದ್ದಲ್ಲ. "ಹೇಳ್ಬಿಡ್ರೀ ಅವ್ರಿಗೆ. ಏನು ಹಾಳು ಮಾಡಿದ್ದಾರೆ ಅಂತ ಗೊತ್ತಾಗ್ಲಿ. ಮನೆ ಹೋದ್ರೆ ಹೋಗ್ಲಿ" ಎಂದಳು.

"ಏನಂತ ಹೇಳ್ಲಿ? ಪಾಪ, ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿದ್ರಂತೆ" ಎಂದರು ಅಪ್ಪ. ನೀರು ಚೆಲ್ಲಿ, ಪಾತ್ರೆ ತೊಳೆದು ಮಗುಚಿ ಇಟ್ಟರು.

ಮರುದಿನ ತಾರಸಿಯ ಮೇಲೆ ಬೀದಿಯವರೆಲ್ಲ ಸೇರಿದ್ದಾಗ ಅಪ್ಪ ಆ ದಾರಕ್ಕೇ ಗಾಳಿಪಟ ಕಟ್ಟಿದರು. ನೀರಿನ ಮೇಲೆ ತೇಲಲೆಂದು ಹೆಣೆದ ತೂಕದ ದಾರ ಆಕಾಶಕ್ಕೆ ಹೇಗೆ ಏರೀತು? ಪಟ ಎದುರು ಮನೆಯ ತಗಡಿನ ಮೇಲೆ ಬಿತ್ತು. ಮತ್ತೆ ಹಾರಿಸಿದರು, ಮತ್ತೆ ಬಿತ್ತು. "ಲಪೇಟ್! ಲಪೇಟ್!", ದಾರ ಸುತ್ತಿಕೋ ಎಂದು ಸುತ್ತಲಿನ ತಾರಸಿಗಳಿಂದ ಗೇಲಿ. ಅಪ್ಪನೂ ಎಲ್ಲರ ಜೊತೆ ನಕ್ಕರು. ಕಾಂತಿಕಾಕಾ ಮಾತ್ರ ನಗಲಿಲ್ಲ. ಗಾಜು ಜಾಸ್ತಿ ಹಾಕಿಸಿ ನಾನೇ ಕೆಡಿಸಿದೆ ಎಂದು ಕೈ ಹಿಸುಕಿಕೊಂಡರು. ಇಲ್ಲ, ನನಗೇ ಹಾರಿಸಲು ಬಾರದು ಎಂದು ಅಪ್ಪ ಅವರನ್ನು ಸಮಾಧಾನ ಮಾಡಬೇಕಾಯಿತು. ನನಗೆ ಕಾಂತಿಕಾಕಾ ಮೇಲೆ ಎಷ್ಟೋ ದಿನ ಸಿಟ್ಟಿತ್ತು. ಈಗ ಇಲ್ಲ. ಅಪ್ಪ, ಕಾಂತಿಕಾಕಾ ಇಬ್ಬರೂ ಹೋಗಿ ಬಹಳ ಕಾಲವಾಯಿತು, ಅವರ ನಡುವೆ ಆ ವಿಷಯ ಎಂದೂ ಬಿಚ್ಚಿಕೊಳ್ಳಲಿಲ್ಲ. ಸ್ನೇಹವೆಂದರೆ ಎಲ್ಲವನ್ನೂ ಹೇಳಿಕೊಳ್ಳುವುದು ಎನ್ನುವವರನ್ನು ಕಂಡಾಗ ನನಗೆ ಅವರಿಬ್ಬರೂ ನೆನಪಾಗುತ್ತಾರೆ.

ಮುಂದಿನ ಭಾನುವಾರ ಅಪ್ಪ ಎಂದಿನಂತೆ ಎದ್ದು ನದಿಯ ದಂಡೆಯ ವಾಸದ್‌ಗೆ ಹೋಗುವ ರೈಲಿಗೆ ಹೊರಟರು. ಕೈಯಲ್ಲಿ ಕೋಲಿನ ಚೀಲವಿರಲಿಲ್ಲ. "ಬರ್ತೀಯಾ?" ಎಂದು ಅಂದೇ ಮೊದಲ ಸಲ ನನ್ನನ್ನು ಕರೆದರು. ಮಹೀ ನದಿ ನಾನು ಎಣಿಸಿದ್ದಕ್ಕಿಂತ ಅಗಲವಾಗಿತ್ತು, ಮಣ್ಣಿನ ಬಣ್ಣದ ನೀರು ನಿಧಾನ ಹರಿಯುತ್ತಿತ್ತು. ದೋಣಿಯವನು ಬಂದು ಕೋಲೆಲ್ಲಿ ಎಂದು ಕೇಳಿದ. ಮಗಳಿಗೆ ನದಿ ತೋರಿಸೋಣವೆಂದು ಬಂದೆ ಎಂದರು ಅಪ್ಪ. ದಂಡೆಯ ಮೇಲೆ ಇಬ್ಬರೂ ಬಹಳ ಹೊತ್ತು ಕೂತೆವು. "ಅಲ್ಲಿ ನೋಡು, ಆ ಬಂಡೆ ಆಚೆ. ಈಗ ಏಳುತ್ತೆ" ಎಂದರು. ಮೀನೊಂದು ಎದ್ದು ಹುಳ ಹಿಡಿದು ಮುಳುಗಿತು, ನೀರಿನ ಮೇಲೆ ಉಂಗುರ ಅಗಲವಾಗುತ್ತಾ ಬಂತು. ಇನ್ನೊಂದು ಕಡೆ ತೋರಿಸಿದರು. ಅಲ್ಲೂ ಎದ್ದಿತು.

"ಅಲ್ಲಿಗೆ ದಾರ ಮುಟ್ತಿತ್ತಾ, ಅಪ್ಪ?" ಎಂದು ಕೇಳಿದೆ.

ಅಪ್ಪ ಕಣ್ಣು ಕಿರಿದು ಮಾಡಿ ಅಳೆದರು. "ಅರ್ಧ ಸಾಕಾಗೋದು" ಎಂದರು. ಆಮೇಲೆ ಎದ್ದು ಪ್ಯಾಂಟಿಗೆ ಅಂಟಿದ ಮರಳು ಕೊಡವಿಕೊಂಡು, "ನಡಿ, ರೈಲಿಗೆ ಹೊತ್ತಾಯ್ತು" ಎಂದು ನನ್ನ ಕೈ ಹಿಡಿದುಕೊಂಡರು. ರೈಲಿಗೆ ಇನ್ನೂ ಬಹಳ ಹೊತ್ತಿತ್ತು.